ಕಾರಣದ ಕಾಲಂ

ಒಂದೇ ವಾರದಲ್ಲಿ ಮೂರು ಸಲ ನನ್ನ ಅರ್ಜಿಗೆ "ಬೇಡ" ಎಂದವನನ್ನು ಕಣ್ಣಾರೆ ನೋಡಿ, ನಾಲ್ಕು ಮಾತು ಬೈದು ಬರೋಣವೆಂದೇ ನಾನು ಆ ದಿನ ಆಂಬುಲೆನ್ಸ್ ಡಿಪೋಗೆ ಹೋದದ್ದು. ಪ್ರೀತಿಗೀತಿಯ ಯಾವ ಉದ್ದೇಶವೂ ನನಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮಕ್ಕ ಈಗಲೂ ನಂಬುವುದಿಲ್ಲ.

ಕೋಪ ಯಾಕೆಂದು ತಿಳಿಯಬೇಕಾದರೆ ನನ್ನ ಕೆಲಸ ಏನೆಂದು ತಿಳಿಯಬೇಕು. ನಾನು ಒಂದು ದೊಡ್ಡ ಆಸ್ಪತ್ರೆಯಲ್ಲಿ ಕಂಪ್ಯೂಟರ್ ಭದ್ರತೆ ನೋಡಿಕೊಳ್ಳುವವಳು. ಅಲ್ಲಿನ ಒಂದೊಂದು ಮೆಷಿನ್ನಿಗೂ, ರಕ್ತ ಪರೀಕ್ಷೆಯದಿರಲಿ, ಸ್ಕ್ಯಾನಿಂಗಿನದಿರಲಿ, ಒಂದು ಡಿಜಿಟಲ್ ಸರ್ಟಿಫಿಕೇಟ್ ಇರುತ್ತದೆ. ಗುರುತಿನ ಚೀಟಿ ಎಂದುಕೊಳ್ಳಿ. ಅದಿಲ್ಲದ ಮೆಷಿನ್ ಕಳಿಸಿದ ರಿಪೋರ್ಟನ್ನು ಡಾಕ್ಟರ ಸ್ಕ್ರೀನ್ ಒಳಗೇ ಬಿಟ್ಟುಕೊಳ್ಳುವುದಿಲ್ಲ. ಮೊದಲು ಈ ಚೀಟಿಗಳನ್ನೆಲ್ಲ ಒಂದೇ ಆಫೀಸು ಕೊಡುತ್ತಿತ್ತು. ಆ ಆಫೀಸಿನಲ್ಲಿ ಯಾರೋ ಒಬ್ಬ ಕಣ್ಣು ಮುಚ್ಚಿಕೊಂಡು ನಕಲಿ ಚೀಟಿ ಹೊರಡಿಸಿದ. ಯಾವ ರಿಪೋರ್ಟನ್ನು ನಂಬಬೇಕು, ಯಾವುದನ್ನು ಬಿಡಬೇಕು ಎಂದು ಗೊತ್ತಾಗದೆ ಎರಡು ದಿನ ಎಲ್ಲರೂ ಕಾಗದ ಹಿಡಿದುಕೊಂಡು ಮಹಡಿಯಿಂದ ಮಹಡಿಗೆ ಓಡಿದೆವು. ಬ್ಲಾಕ್‌ಚೈನ್ ಮಾಡೋಣ ಎಂದು ನಾನು ಹಟ ಹಿಡಿದದ್ದು ಆಮೇಲೆ.

ಅದೇನು ಮಾಯಾಮಂತ್ರವಲ್ಲ. ಐದು ಸಂಸ್ಥೆಗಳು, ಐದು ಕಡೆ ಒಂದೇ ದಾಖಲೆಯ ಐದು ಪ್ರತಿ. ನಮ್ಮ ಆಸ್ಪತ್ರೆ, ಒಂದು ಲ್ಯಾಬು, ಔಷಧಿ ಉಗ್ರಾಣ, ಆಂಬುಲೆನ್ಸ್ ಸೇವೆ, ಇವರೆಲ್ಲರ ಮೇಲೆ ಕಣ್ಣಿಡಲು ಒಬ್ಬರು ಆಡಿಟರ್. ಯಾವ ಸರ್ಟಿಫಿಕೇಟ್ ಕೊಡಬೇಕಾದರೂ, ರದ್ದು ಮಾಡಬೇಕಾದರೂ ಐವರಲ್ಲಿ ಮೂವರ ಸಹಿ ಬೇಕು. ಒಬ್ಬರು "ಬೇಡ" ಎಂದರೂ ಅದು ಇತ್ಯರ್ಥವಾಗುವವರೆಗೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಸಹಿಯ ಪಕ್ಕದಲ್ಲಿ 'ಕಾರಣ' ಎಂಬ ಕಾಲಂ. ಬರೆದದ್ದನ್ನು ಅಳಿಸುವಂತಿಲ್ಲ, ತಿದ್ದುವಂತಿಲ್ಲ. ತಪ್ಪಾಗಿದ್ದರೆ ಕೆಳಗೆ ಇನ್ನೊಂದು ಸಾಲು ಸೇರಿಸಬಹುದು, ಅಷ್ಟೆ.

ಆಸ್ಪತ್ರೆಯ ಪರವಾಗಿ ಸಹಿ ಹಾಕುವ ಕೀಲಿ ನನ್ನ ಕೈಗೆ ಬರಲು ಮೂರು ವರ್ಷ ಹಿಡಿಯಿತು. ನಮ್ಮ ದೊಡ್ಡ ಸಾಹೇಬರು ಅದನ್ನು ತಮ್ಮ ಪಕ್ಕದ ರೂಮಿನ ಹಿರಿಯರಿಗೆ ಕೊಡಲು ಹೊರಟಿದ್ದರು. ನಾನು ಬಿಡಲಿಲ್ಲ. ಹೆಬ್ಬೆರಳಿನಷ್ಟು ಉದ್ದದ ಆ ಕಪ್ಪು ಸಾಧನ ಕೊರಳ ದಾರದಲ್ಲಿ ತೂಗುವಾಗ ನಾನು ಒಂದು ಗೇಣು ಎತ್ತರವಾದಂತೆ ನಡೆಯುತ್ತಿದ್ದೆ. ಅಂಥ ನನ್ನ ಅರ್ಜಿಗೆ ಒಬ್ಬ ಆಂಬುಲೆನ್ಸಿನವನು ಮೂರು ಸಲ "ಬೇಡ" ಎನ್ನುವುದೆಂದರೇನು?

ಡಿಪೋದಲ್ಲಿ ಫಿನಾಯಿಲ್ ಮತ್ತು ಡೀಸೆಲ್ ವಾಸನೆ. ಸಾಲಾಗಿ ನಿಂತ ಬಿಳಿ ವಾಹನಗಳಲ್ಲಿ ಒಂದರ ಹಿಂಬಾಗಿಲು ತೆರೆದಿತ್ತು. ಒಳಗೆ ಎತ್ತರದ ಮನುಷ್ಯನೊಬ್ಬ ಸೊಂಟ ಬಗ್ಗಿಸಿಕೊಂಡು ಗೋಡೆಗೆ ಟ್ಯಾಬ್ ಕೂರಿಸುತ್ತಿದ್ದ.

"ಎಲ್ಲಾದಕ್ಕೂ ಬೇಡ ಬೇಡ ಅಂತ ಹಾಕ್ತಾರಲ್ಲ, ಆ ಮಹಾನುಭಾವರು ಯಾರು?"

ಅವನು ತಿರುಗಿ ನೋಡಿದ.

"ನಿಮ್ಮನ್ನೇ ಕೇಳ್ತಿರೋದು. ಬಾಯಲ್ಲಿ ಏನ್ ಇಟ್ಕೊಂಡಿದೀರಿ?"

ಅವನು ನಿಧಾನವಾಗಿ ತುಟಿಗಳ ನಡುವಿನಿಂದ ಎರಡು ಸ್ಕ್ರೂ ತೆಗೆದು ಅಂಗೈಯಲ್ಲಿಟ್ಟು ತೋರಿಸಿದ. "ಸ್ಕ್ರೂ," ಎಂದ. "ಬೇಡ ಅಂತ ಹಾಕಿದ್ದು ನಾನೇ. ಕಾರಣಾನೂ ಬರೆದಿದ್ದೆ."

"ಬರೆದಿದ್ರಿ. 'ಹೇಳಿದ ಜಾಗದಲ್ಲಿ ಮೆಷಿನ್ ಇಲ್ಲ.' ನೀವು ಇಲ್ಲಿ ಗಾಡಿ ನೋಡ್ಕೊಳ್ಳೋರು. ನಮ್ಮ ಮೂರನೇ ಮಹಡೀಲಿ ಏನಿದೆ ಏನಿಲ್ಲ ಅಂತ ನಿಮಗೆ ಹೇಗ್ರೀ ಗೊತ್ತು?"

"ಹೋಗಿ ನೋಡ್ದೆ."

"ಏನು?"

"ಸಹಿ ಹಾಕೋಕೆ ಮುಂಚೆ ಹೋಗಿ ನೋಡ್ದೆ. ಮೂರನೇ ಮಹಡಿಗೆ ಬಣ್ಣ ಹೊಡೀತಿದಾರೆ. ಮೆಷಿನ್‌ಗಳನ್ನ ಕೆಳಗೆ ಇಳಿಸಿದಾರೆ. ಪಟ್ಟೀಲಿ ನೀವು ಬದಲಾಯಿಸಿಲ್ಲ."

ಲ್ಯಾಬಿನವರು ಪ್ರತಿ ಸಲವೂ ಕೂತಲ್ಲಿಂದಲೇ "ಸರಿ" ಎಂದು ಹಾಕುತ್ತಾರೆ. ಉಗ್ರಾಣದವರು "ಸರಿ ಇದೆ" ಎನ್ನುತ್ತಾರೆ, ಒಂದು ಪದ ಜಾಸ್ತಿ. ಈ ಪುಣ್ಯಾತ್ಮ ಒಬ್ಬನೇ ಎರಡು ಕಿಲೋಮೀಟರ್ ನಡೆದು ಬಂದು, ಮೂರು ಮಹಡಿ ಹತ್ತಿ, ಬಣ್ಣದ ಡಬ್ಬಿಗಳ ಮಧ್ಯೆ ನನ್ನ ಮೆಷಿನ್ ಹುಡುಕಿದ್ದಾನೆ. ತಪ್ಪು ನನ್ನದೇ. ಬೈಯಲು ಬಂದವಳಿಗೆ ಇದಕ್ಕಿಂತ ದೊಡ್ಡ ಅವಮಾನ ಬೇರೆ ಬೇಕೆ?

"ಕೂತ್ಕೊಳ್ಳಿ," ಎಂದ ಅವನು, ಸ್ಟ್ರೆಚರಿನ ಮೇಲಿದ್ದ ಕಂಬಳಿ ಸರಿಸಿ. "ಇಷ್ಟು ದೂರ ಬಿಸಿಲಲ್ಲಿ ಬಂದಿದೀರಿ. ಬೈದೇ ಹೋಗಿ. ಟೀ ತರಿಸ್ತೀನಿ."

ಆಗ ಅವನು ನಕ್ಕ. ತುಟಿ ಅಲುಗಲಿಲ್ಲ, ಕಣ್ಣಿನ ಅಂಚು ಮಾತ್ರ ಸ್ವಲ್ಪ ಸುಕ್ಕಾಯಿತು. ನಾನು ಟೀ ಕುಡಿದೆ, ಬೈಯುವುದು ಮರೆತುಹೋಯಿತು.

ಫೋನಿನಲ್ಲಿ ಅವನ ನಂಬರಿಗೆ ನಾನಿಟ್ಟ ಹೆಸರು 'ತಕರಾರು'.

ಮಾರನೆಯ ದಿನ ಪಟ್ಟಿ ಸರಿಮಾಡಿ, ಕಾರಣದ ಕಾಲಂನಲ್ಲಿ ಬೇಕೆಂದೇ ಬರೆದೆ: "ಮೆಷಿನ್ ಈಗ ಎರಡನೇ ಮಹಡಿ, ಎಡಗಡೆ ಕೊನೆಯ ಕೋಣೆ. ಅನುಮಾನವಿದ್ದವರು ಬಂದು ನೋಡಬಹುದು."

ಎರಡು ಗಂಟೆಯ ಮೇಲೆ ಅವನ ಸಹಿ ಬಿತ್ತು. "ಬಂದು ನೋಡಿದೆ. ಮೆಷಿನ್ ಇದೆ. ಕಿಟಕಿಯಿಂದ ಬೆಳಕು ಚೆನ್ನಾಗಿ ಬರುತ್ತದೆ."

ನಮ್ಮಕ್ಕ ಬಟ್ಟೆ ಹೊಲಿಯುವವಳು. ಅವಳ ಅಂಗಡಿಯ ಮೇಲಿನ ಮನೆಯಲ್ಲೇ ನಮ್ಮಿಬ್ಬರ ವಾಸ. ಆ ಸಂಜೆ ಅವಳಿಗೆ ಇದನ್ನು ಓದಿ ಹೇಳಿ, "ಕಿಟಕಿ ವಿಷಯ ಯಾಕಂತೆ ಇವನಿಗೆ?" ಎಂದೆ.

ಅಕ್ಕ ಕತ್ತರಿ ಕೆಳಗಿಟ್ಟಳು. "ಆ ಕಿಟಕೀಲಿ ಏನ್ ಕಾಣುತ್ತೆ?"

"ಏನಿಲ್ಲ. ಎದುರು ಕಟ್ಟಡ. ನಮ್ಮ ಆಫೀಸು."

"ನಿಮ್ಮ ಆಫೀಸಲ್ಲಿ?"

ನಾನು ಯೋಚಿಸಿದೆ. "ನನ್ನ ಮೇಜು."

"ಹೂಂ," ಎಂದು ಅಕ್ಕ ಮತ್ತೆ ಕತ್ತರಿ ಎತ್ತಿಕೊಂಡಳು. "ಓದಿದವಳು ನೀನು, ನಾನ್ ಹೇಳ್ಬೇಕಾ ನಿಂಗೆ."

ಆಮೇಲೆ ಅದು ನಡೆದದ್ದೇ ಹಾಗೆ. ಅವನ ಗಾಡಿಗಳ ಟ್ಯಾಬ್‌ಗಳಿಗೆ ಸರ್ಟಿಫಿಕೇಟ್ ಬೇಕಾದಾಗ ನಾನೂ ಹೋಗಿ ನೋಡಿಯೇ ಸಹಿ ಹಾಕತೊಡಗಿದೆ. ರೋಗಿ ಗಾಡಿಯಲ್ಲಿರುವಾಗಲೇ ಅವನ ಸ್ಥಿತಿಯನ್ನು ಆಸ್ಪತ್ರೆಗೆ ತಿಳಿಸುವ ಟ್ಯಾಬ್‌ಗಳು ಅವು. ಹೋಗಿ ನೋಡುವುದು ಕರ್ತವ್ಯವಲ್ಲವೇ? "ಏಳನೇ ಗಾಡಿಯ ಟ್ಯಾಬ್ ಸರಿಯಿದೆ. ಉಸ್ತುವಾರಿಯವರು ಊಟ ಬಿಟ್ಟಂತೆ ಕಾಣುತ್ತದೆ," ಎಂದು ನಾನು ಬರೆದರೆ, "ಉಸ್ತುವಾರಿಯವರ ಊಟದ ಡಬ್ಬಿಯನ್ನು ಆಸ್ಪತ್ರೆಯವರೇ ಖಾಲಿ ಮಾಡಿದ್ದಾರೆ. ದಾಖಲೆಯಲ್ಲಿರಲಿ," ಎಂದು ಅವನು ಬರೆಯುತ್ತಿದ್ದ. ಐದು ಸಂಸ್ಥೆಗಳಲ್ಲಿ, ಐದು ಪ್ರತಿಯಲ್ಲಿ, ಶಾಶ್ವತವಾಗಿ.

ಒಂದು ದಿನ ಆಡಿಟರ್ ಮೇಡಂ ಎಲ್ಲರಿಗೂ ಸೂಚನೆ ಕಳಿಸಿದರು. ಅರವತ್ತು ದಾಟಿದ ಹೆಂಗಸು, ಅಲ್ಪವಿರಾಮವನ್ನೂ ಬಿಡದೆ ಓದುವವರು. "ಕಾರಣದ ಕಾಲಂ ಕಾರಣ ಬರೆಯಲಿಕ್ಕಾಗಿ ಇದೆ ಎಂಬುದನ್ನು ಎಲ್ಲರ ಗಮನಕ್ಕೆ ತರಲಾಗಿದೆ." ನಾನು ನಾಲಿಗೆ ಕಚ್ಚಿಕೊಂಡೆ. ಅವನು ಅದಕ್ಕೆ "ಗಮನಿಸಲಾಗಿದೆ" ಎಂದು ಸಹಿ ಹಾಕಿ, ಐದು ನಿಮಿಷದ ಮೇಲೆ ನನಗೆ ಫೋನ್ ಮಾಡಿ, ಬರೆಯಲಾಗದ್ದನ್ನೆಲ್ಲ ಒಂದು ಗಂಟೆ ಮಾತಾಡಿದ.

ಸಂಜೆ ಐದೂವರೆಯ ಬಸ್ಸಿಗೆ ನನ್ನನ್ನು ಬಿಡಲು ಬರುವುದು ಅವನಿಗೆ ಯಾವಾಗ ರೂಢಿಯಾಯಿತೋ ನನಗೆ ನೆನಪಿಲ್ಲ. ಅವನ ಮನೆ ಇರುವುದು ಎದುರು ದಿಕ್ಕಿನಲ್ಲಿ.

"ನಿಮ್ಮನೆ ಆ ಕಡೆ ಅಲ್ವಾ?"

"ಹೌದು."

"ಮತ್ತೆ ಈ ಕಡೆ ಯಾಕೆ?"

"ಈ ಕಡೆ ನಡೆಯೋಕೆ ಆರಾಮು."

ಆ ರಸ್ತೆಯಲ್ಲಿ ಗುಂಡಿ ಬಿಟ್ಟು ಬೇರೇನೂ ಇರಲಿಲ್ಲ. ನಾನು ನೋಡಿದರೆ ಅವನು ರಸ್ತೆ ನೋಡುತ್ತಿದ್ದ. ನಾನು ಆ ಕಡೆ ತಿರುಗಿದರೆ ನನ್ನನ್ನು ನೋಡುತ್ತಿದ್ದ. ಹೇಗೆ ಗೊತ್ತೆಂದರೆ, ಬಸ್ ನಿಲ್ದಾಣದ ಹಿಂಬದಿಗೆ ಗಾಜು ಹಾಕಿದ್ದರು. ನಾನು ಗಾಜಿನ ಕಡೆ ಮುಖ ಮಾಡಿ ನಿಂತು, ಅವನು ನನ್ನ ಜಡೆ, ಕಿವಿ, ಹೆಗಲ ಮೇಲಿನ ಚೀಲದ ಪಟ್ಟಿ ಎಲ್ಲವನ್ನೂ ಒಂದೊಂದಾಗಿ ನೋಡುವುದನ್ನು ಕದ್ದು ನೋಡುತ್ತಿದ್ದೆ. ಪರಿಶೀಲನೆ ಎಂದರೆ ಪರಿಶೀಲನೆ, ಆತುರವೇ ಇಲ್ಲ. ನನ್ನ ಕಿವಿ ಬಿಸಿಯಾಗುತ್ತಿತ್ತು. ಬಸ್ಸು ತಡವಾಗಿ ಬರಲಿ ಎಂದು ಜನ್ಮದಲ್ಲಿ ಮೊದಲ ಸಲ ಹಾರೈಸಿದ್ದು ಆಗಲೇ.

ಒಂದು ಶನಿವಾರ ಬಸ್ಸು ಮೂಲೆ ತಿರುಗುವಾಗ ಅವನು ಹೇಳಿದ, "ಒಂದು ಮಾತು ಹೇಳೋದಿದೆ. ಈಗಲ್ಲ. ಮುಂದಿನ ತಿಂಗಳು."

"ಮಾತಿಗೂ ಎಕ್ಸ್‌ಪೈರಿ ಡೇಟ್ ಇಟ್ಟಿದೀರಾ?"

"ಇಲ್ಲ," ಎಂದ. "ಶುರು ಆಗೋ ಡೇಟ್ ಇಟ್ಟಿದೀನಿ."

ನಾನು ಬಸ್ಸಿನಲ್ಲಿ ನನ್ನ ಸ್ಟಾಪ್ ದಾಟಿ ಎರಡು ಸ್ಟಾಪ್ ಮುಂದೆ ಇಳಿದೆ.

ಈಗ ಆ ಹಾಳು ನಿಯಮದ ವಿಷಯಕ್ಕೆ ಬರುತ್ತೇನೆ. ಮೂರು ತಿಂಗಳಿಗೊಮ್ಮೆ ಐವರೂ ದಾಖಲೆಯಲ್ಲಿ ಒಂದು ಘೋಷಣೆ ಹಾಕಬೇಕು: "ಇತರ ಸಹಿದಾರರ ಜೊತೆ ನನಗೆ ಖಾಸಗಿ ಸಂಬಂಧ ಇದೆ" ಅಥವಾ "ಇಲ್ಲ". ಇದೆ ಎಂದರೆ ಇಬ್ಬರಲ್ಲಿ ಒಬ್ಬರು ಕೀಲಿ ಬಿಟ್ಟುಕೊಡಬೇಕು. ಮೂರು ಸಹಿಯಲ್ಲಿ ಎರಡು ಒಂದೇ ಮನೆಯದಾದರೆ ಅದು ನಿಜವಾಗಿ ಮೂರು ಸಹಿ ಹೇಗಾದೀತು? ಬಹಳ ಬುದ್ಧಿವಂತಿಕೆಯ ನಿಯಮ. ಬರೆದವಳು ನಾನೇ.

ಸೋಮವಾರ ಘೋಷಣೆಯ ದಿನ. ಭಾನುವಾರವಿಡೀ ಮೀನಮೇಷ ಎಣಿಸಿದೆ. ಇದೆ ಎಂದು ಹಾಕಿದರೆ, ಮೂರು ವರ್ಷ ಜಗಳವಾಡಿ ಗಳಿಸಿದ ಕೀಲಿ ಹೋಗಬಹುದು. ಇಲ್ಲ ಎಂದರೆ ಸುಳ್ಳು, ಅದೂ ಅಳಿಸಲಾಗದ ಸುಳ್ಳು. ಅವನು ಏನು ಹಾಕುತ್ತಾನೋ? ಅವನೊಡನೆ ಮಾತಾಡಿಯೇ ಹಾಕೋಣ ಎಂದುಕೊಂಡು ಸೋಮವಾರ ಆಫೀಸಿಗೆ ಹೋದೆ.

ಒಂಬತ್ತು ಗಂಟೆ ನಾಲ್ಕು ನಿಮಿಷಕ್ಕೆ ಅವನ ಘೋಷಣೆ ಬಂತು. "ಇಲ್ಲ."

ಮತ್ತೊಮ್ಮೆ ಓದಿದೆ, ಎರಡು ಅಕ್ಷರದಲ್ಲಿ ಓದುವುದೇನಿದೆ. ಹಾಗಾದರೆ ಬಸ್ ನಿಲ್ದಾಣ? ಟೀ? ಮುಂದಿನ ತಿಂಗಳ ಮಾತು? ಎಲ್ಲ ನನ್ನ ತಲೆಯೊಳಗಿನ ಸಿನಿಮಾ. ಅಳು ಬರಬೇಕಿತ್ತು, ನನಗೆ ಬಂದದ್ದು ಸಿಟ್ಟು. ನನಗೆ ಯಾವಾಗಲೂ ಸಿಟ್ಟೇ ಮೊದಲು ಬರುವುದು. ನಾನೂ "ಇಲ್ಲ" ಎಂದು ಒತ್ತಿ, ಕೀಲಿಯನ್ನು ಮೇಜಿನ ಮೇಲೆ ಕುಕ್ಕಿದೆ.

ಹನ್ನೊಂದು ಗಂಟೆಗೆ ಅವನದೊಂದು ಅರ್ಜಿ: "ನಾಲ್ಕನೇ ಗಾಡಿಯ ಟ್ಯಾಬ್ ಕಾಣೆಯಾಗಿದೆ. ಸರ್ಟಿಫಿಕೇಟ್ ತಕ್ಷಣ ರದ್ದು ಮಾಡಿ." ಬೇರೆ ದಿನವಾಗಿದ್ದರೆ ಅರ್ಧ ನಿಮಿಷದಲ್ಲಿ ಸಹಿ ಹಾಕಿ, ಫೋನ್ ಮಾಡಿ, ಎಲ್ಲಿ ಬಿತ್ತು, ಹೇಗೆ ಬಿತ್ತು ಎಂದು ತಲೆ ತಿನ್ನುತ್ತಿದ್ದೆ. ಅವತ್ತು ಬರೆದೆ: "ಬೇಡ. ಕಾಣೆಯಾಗಿದೆ ಎನ್ನಲು ಸಾಕ್ಷಿ ಇಲ್ಲ."

ನೀನು ನನಗೆ ಮೂರು ಸಲ ಅಂದೆ, ನಾನು ನಿನಗೆ ಒಂದು ಸಲ ಅನ್ನಬಾರದೇ? ಸತ್ಯವಾಗಿ ಹೇಳುತ್ತೇನೆ, ಆಗ ತಲೆಯಲ್ಲಿ ಇದ್ದದ್ದು ಇಷ್ಟೇ.

ಅವನ ಸಹಿ ಒಂದು, ಉಗ್ರಾಣದವರದು ಎರಡು. ಲ್ಯಾಬಿನವರು ರಜೆಯಲ್ಲಿದ್ದರು. ಒಂದು "ಬೇಡ" ಬಿದ್ದರೆ ಆಡಿಟರ್ ಮೇಡಂ ವಿಚಾರಿಸದೆ ಸಹಿ ಹಾಕುವಂತಿಲ್ಲ. ಅವನ ಫೋನ್ ಎರಡು ಸಲ ಬಂತು. 'ತಕರಾರು' ಎಂದು ಹೊಳೆಯುತ್ತಿದ್ದ ಪರದೆಯನ್ನು ನಾನು ಬೋರಲು ಹಾಕಿದೆ.

ಹನ್ನೆರಡೂವರೆಗೆ ಕೆಳಗೆ ಎಮರ್ಜೆನ್ಸಿಯಲ್ಲಿ ಗಂಟೆ ಮೊಳಗಿತು. ಕಿಟಕಿಯಿಂದ ಬಗ್ಗಿ ನೋಡಿದೆ. ಹೆಡ್ ಸಿಸ್ಟರ್, ಇಬ್ಬರು ನರ್ಸ್, ಒಬ್ಬ ಡಾಕ್ಟರ್, ಎರಡು ಸ್ಟ್ರೆಚರ್ ಬಾಗಿಲ ಬಳಿ ಸಾಲಾಗಿ ನಿಂತಿದ್ದರು.

ಕೆಳಗೆ ಓಡಿದೆ. "ಏನಾಯ್ತು ಸಿಸ್ಟರ್?"

"ದೊಡ್ಡ ಆಕ್ಸಿಡೆಂಟ್ ಅಂತೆ. ಇಬ್ರು ಪೇಷೆಂಟು, ಇನ್ನ ಹತ್ತು ನಿಮಿಷದಲ್ಲಿ ಅಂತ ನಾಲ್ಕನೇ ಗಾಡಿಯಿಂದ ಮೆಸೇಜ್ ಬಂದಿದೆ."

ನಾಲ್ಕನೇ ಗಾಡಿ. ಯಾರಿಗೋ ಆ ಟ್ಯಾಬ್ ಸಿಕ್ಕಿದೆ, ಏನೇನೋ ಒತ್ತಿದ್ದಾರೆ. ಅದರ ಸರ್ಟಿಫಿಕೇಟ್ ಇನ್ನೂ ಜೀವಂತ, ಆದ್ದರಿಂದ ನಮ್ಮ ಆಸ್ಪತ್ರೆ ಅದನ್ನು ನಂಬಿದೆ. ಪಕ್ಕದ ಬೆಂಚಿನ ಮೇಲೆ ಮಣಿಕಟ್ಟು ಮುರಿದುಕೊಂಡ ಅಜ್ಜರೊಬ್ಬರು ಕೈಯನ್ನು ಎದೆಗವಚಿ ಕೂತಿದ್ದರು. ಅವರನ್ನು ನೋಡಬೇಕಿದ್ದ ಡಾಕ್ಟರು ಬಾಗಿಲಲ್ಲಿ ಬರದ ರೋಗಿಗಾಗಿ ಕಾಯುತ್ತಿದ್ದರು.

"ಯಾರೂ ಬರಲ್ಲ ಸಿಸ್ಟರ್," ಎಂದೆ. "ಅದು ಸುಳ್ಳು ಮೆಸೇಜು. ಒಳಗೆ ಹೋಗಿ."

ಮೇಲೆ ಓಡಿ ಬಂದು ಸಾಲು ಸೇರಿಸಿದೆ: "ಹಿಂದಿನ ಮತ ತಪ್ಪು. ರದ್ದಿಗೆ ಒಪ್ಪಿಗೆ." ಮೂರನೇ ಸಹಿ ಬಿತ್ತು. ಹನ್ನೆರಡು ಐವತ್ತೊಂದಕ್ಕೆ ನಾಲ್ಕನೇ ಗಾಡಿಯ ಟ್ಯಾಬ್ ಬಾಯಿ ಮುಚ್ಚಿತು. ಹೆಚ್ಚು ಅನಾಹುತವೇನೂ ಆಗಲಿಲ್ಲ. ಅಜ್ಜರು ಇಪ್ಪತ್ತು ನಿಮಿಷ ನೋವು ತಿಂದರು, ಅಷ್ಟೇ ಎಂದು ಎಲ್ಲರೂ ಹೇಳಿದರು. ಆ ಅಷ್ಟೇ ನನಗೆ ಅಷ್ಟೇ ಆಗಲಿಲ್ಲ.

ದೊಡ್ಡ ಸಾಹೇಬರು ನನ್ನನ್ನು ಕರೆದು ಸಮಾಧಾನ ಮಾಡಿದರು. "ಸಾಕ್ಷಿ ಕೇಳೋದು ನಿಮ್ಮ ಹಕ್ಕು. ನಿಯಮದ ಪ್ರಕಾರ ನೀವು ಸರಿ. ವಿಚಾರಣೇಲೂ ಹಾಗೇ ಹೇಳಿ, ಮುಗೀತು."

ಮುಗಿಯುತ್ತಿತ್ತು. ನಾನು ಬರೆದ ಕಾರಣ ಕಾಗದದ ಮೇಲೆ ಅಷ್ಟು ಚೊಕ್ಕವಾಗಿತ್ತು. ಅಕ್ಕನ ಅಂಗಡಿಗೆ ಹೋಗಿ ಸ್ಟೂಲಿನ ಮೇಲೆ ಕೂತು ಎಲ್ಲ ಹೇಳಿದೆ. ಅವಳು ಮೆಷಿನ್ ನಿಲ್ಲಿಸಿ ಕೇಳಿದಳು, "ಬಾಯಿ ಮುಚ್ಕೊಂಡಿದ್ರೆ ಯಾರಿಗೂ ಗೊತ್ತಾಗಲ್ಲ ಅಲ್ವಾ?"

"ಗೊತ್ತಾಗಲ್ಲ."

"ಮತ್ತೆ ಯಾಕೆ ಮುಖ ಹಾಗ್ ಮಾಡ್ಕೊಂಡಿದೀಯ?"

"ನಂಗೆ ಗೊತ್ತಲ್ಲ ಅಕ್ಕ. ಈ ದಾಖಲೆ ಮಾಡಿದ್ದೇ ಯಾರೂ ಕದ್ದುಮುಚ್ಚಿ ಏನೂ ಮಾಡಬಾರದು ಅಂತ. ಅದರಲ್ಲಿ ಮೊದಲನೇ ಸುಳ್ಳು ನಂದೇ ಆಯ್ತು."

ಅಕ್ಕ ನನ್ನ ಕೊರಳ ದಾರವನ್ನು ಬೆರಳಲ್ಲಿ ಎತ್ತಿ ನೋಡಿದಳು. "ಇದು ಹೋಗುತ್ತೆ."

"ಹೋಗುತ್ತೆ."

"ಅವನು ಇಲ್ಲ ಅಂದಿದಾನೆ. ಅವನೂ ಸಿಗಲ್ಲ."

"ಸಿಗಲ್ಲ."

"ಸರಿ, ಹೋಗು. ಬರೆದು ಬಾ. ಅಳೋದಿದ್ರೆ ಆಮೇಲೆ ಇಬ್ರೂ ಕೂತು ಅಳೋಣ," ಎಂದು ಅವಳು ಮತ್ತೆ ಮೆಷಿನ್ ತುಳಿದಳು.

ಅಂಗಡಿಯ ಮೂಲೆಯಲ್ಲೇ ಲ್ಯಾಪ್‌ಟಾಪ್ ತೆರೆದು ಬರೆದೆ: "ಬೆಳಿಗ್ಗೆ ನಾನು ಬೇಡ ಎಂದದ್ದು ಸಾಕ್ಷಿ ಇಲ್ಲವೆಂದಲ್ಲ, ಆಂಬುಲೆನ್ಸ್ ಸಹಿದಾರರ ಮೇಲಿನ ಸಿಟ್ಟಿನಿಂದ. ಸಿಟ್ಟಿಗೆ ಕಾರಣ ಅವರ ಮೇಲಿನ ಪ್ರೀತಿ. ಘೋಷಣೆಯಲ್ಲಿ ನಾನು ಬರೆದ 'ಇಲ್ಲ' ಸುಳ್ಳು." ಕೀಲಿ ಚುಚ್ಚಿ, ಕಣ್ಣು ಮುಚ್ಚಿ ಒತ್ತಿದೆ. ಒಂದೇ ನಿಮಿಷದಲ್ಲಿ ಐದು ಕಡೆಯೂ ಹೋಗಿ ಕೂತಿತು.

ಮೊದಲು ಬಂದದ್ದು ರಜೆಯಲ್ಲಿದ್ದ ಲ್ಯಾಬಿನವರ ಫೋನ್. "ಮೇಡಂ, ಇದಕ್ಕೂ ನಾನು 'ಸರಿ' ಅಂತ ಹಾಕ್ಬೇಕಾ?"

ಎರಡನೆಯದು ಆಡಿಟರ್ ಮೇಡಂ ಅವರ ಪತ್ರ. "ನಾಳೆ ಹತ್ತು ಗಂಟೆಗೆ ವಿಚಾರಣೆ. ಅದು ಮುಗಿಯುವವರೆಗೆ ಇಬ್ಬರೂ ಪರಸ್ಪರ ಮಾತಾಡಕೂಡದು." ಮೂರನೆಯದು, ಅವನ ಫೋನ್, ಬರಲೇ ಇಲ್ಲ. ಅವನು ನಿಯಮ ಮುರಿಯುವವನಲ್ಲ ಎಂದು ಗೊತ್ತಿದ್ದರೂ ಫೋನನ್ನು ಕೈಯಲ್ಲೇ ಹಿಡಿದು ಮಲಗಿದೆ.

ಆಡಿಟರ್ ಕಚೇರಿಯ ಹೊರಗೆ ಒಂದೇ ಬೆಂಚು. ನಾನು ಹೋದಾಗ ಅವನು ಆ ತುದಿಯಲ್ಲಿ ಕೂತಿದ್ದ. ನಾನು ಈ ತುದಿಯಲ್ಲಿ ಕೂತೆ. ಮಧ್ಯೆ ಇನ್ನೂ ಮೂವರು ಕೂರುವಷ್ಟು ಜಾಗ. ಮಾತಾಡುವಂತಿಲ್ಲ. ಅವನು ಗಡ್ಡ ಕೆರೆಯುವಾಗ ಬ್ಲೇಡ್ ತಾಗಿಸಿಕೊಂಡಿದ್ದ. ಅಂಗಿಯ ಗುಂಡಿ ಒಂದು ಮನೆ ತಪ್ಪಿತ್ತು. ಎಲ್ಲವನ್ನೂ ಎರಡೆರಡು ಸಲ ನೋಡುವ ಮನುಷ್ಯ ಕನ್ನಡಿ ನೋಡದೆ ಬಂದಿದ್ದ.

ನನಗೆ ಕೆಮ್ಮು ಬಂತು. ಅವನು ತನ್ನ ನೀರಿನ ಬಾಟಲಿಯನ್ನು ಬೆಂಚಿನ ಸರಿಯಾಗಿ ಮಧ್ಯದಲ್ಲಿಟ್ಟು ಕೈ ಹಿಂದೆಗೆದ. ನಾನು ಕುಡಿದು, ಮುಚ್ಚಳ ತಿರುಗಿಸಿ, ಅಲ್ಲೇ ಇಟ್ಟೆ. ಅವನು ತೆಗೆದುಕೊಂಡು, ನನ್ನನ್ನೇ ನೋಡುತ್ತ, ಬಾಯಿ ತಾಗಿಸಿ ಒಂದು ಗುಟುಕು ಕುಡಿದ. ಕಾರಿಡಾರಿನ ಆ ಕಡೆ ಗೋಡೆ ಎಷ್ಟು ಬೆಳ್ಳಗಿದೆ ಎಂದು ನಾನು ಬಹಳ ಹೊತ್ತು ಪರೀಕ್ಷಿಸಿದೆ.

ಒಳಗೆ ಆಡಿಟರ್ ಮೇಡಂ ನನ್ನ ಸಾಲುಗಳನ್ನು ಗಟ್ಟಿಯಾಗಿ ಓದಿದರು. ಪೂರ್ಣವಿರಾಮದ ಹತ್ತಿರ ನಿಂತು ನಿಂತು ಓದಿದರು. ಭೂಮಿ ಬಾಯಿ ಬಿಟ್ಟಿದ್ದರೆ ನಾನು ಕುರ್ಚಿ ಸಮೇತ ಹೋಗುತ್ತಿದ್ದೆ.

"ಇದು ನಿಮ್ಮದೇನಮ್ಮಾ?"

"ನಂದೇ ಮೇಡಂ."

ಅವರು ಅವನ ಕಡೆ ತಿರುಗಿದರು. "ನೀವು ಸೋಮವಾರ 'ಇಲ್ಲ' ಅಂತ ಹಾಕಿದೀರಿ. ಅದು ನಿಜವೋ ಸುಳ್ಳೋ?"

"ನಿಜ ಮೇಡಂ," ಎಂದ. ನನ್ನ ಕಣ್ಣು ತುಂಬಿ ಬಂತು. "ಅವತ್ತಿಗೆ ನಿಜ. ಫಾರಂನಲ್ಲಿ ಕೇಳಿರೋದು ಸಂಬಂಧ ಇದೆಯಾ ಅಂತ. ಆಸೆ ಇದೆಯಾ ಅಂತ ಕೇಳಿಲ್ಲ. ನಾನು ಅವರಿಗೆ ಏನೂ ಹೇಳಿರಲಿಲ್ಲ. ನನ್ನ ಪಾಡಿಗೆ ನಾನು ಇಷ್ಟಪಟ್ರೆ ಅದು ಸಂಬಂಧ ಹೇಗಾಗುತ್ತೆ?"

ಅವನು ಜೇಬಿನಿಂದ ಮಡಿಸಿದ ಕಾಗದ ತೆಗೆದು ಮೇಜಿನ ಮೇಲಿಟ್ಟ. "ಈ ತಿಂಗಳ ಕೊನೆಗೆ ಕೀಲಿ ಬಿಡ್ತೀನಿ ಅಂತ ಬರೆದಿಟ್ಟಿದ್ದೆ. ಮೊದಲು ಬಿಡೋದು, ಆಮೇಲೆ ಅವರ ಹತ್ರ ಮಾತಾಡೋದು ಅಂತ."

ತುಂಬಿದ ಕಣ್ಣು ಅಲ್ಲೇ ಒಣಗಿತು. "ನನ್ನ ಕೇಳದೇನಾ?" ಎಂದೆ.

"ಕೇಳಿದ್ರೆ ನೀವು ಕೀಲೀನೋ ನಾನೋ ಅಂತ ಯೋಚನೆ ಮಾಡ್ಬೇಕಾಗ್ತಿತ್ತು. ಅದು ಬೇಡ ಅನ್ನಿಸ್ತು. ಆ ಕೀಲಿಗೆ ನೀವು ಪಟ್ಟಿರೋ ಪಾಡು ನಂಗೊತ್ತು."

"ನನ್ನ ಯೋಚನೆ ನಾನು ಮಾಡ್ತೀನಿ, ನಂಗೂ ತಲೆ ಇದೆ. ಒಂದು ಟ್ಯಾಬ್ ರದ್ದು ಮಾಡೋಕೆ ಮೂರು ಜನರನ್ನ ಕೇಳ್ತೀರಿ. ನನ್ನ ಬದುಕಿನ ವಿಷಯ ಒಬ್ಬರೇ ಕೂತು ತೀರ್ಮಾನ ಮಾಡಿಬಿಟ್ರಾ? ಆ ಎರಡಕ್ಷರ ಓದಿ ನಂಗೆ ಏನಾಯ್ತು ಗೊತ್ತಾ?"

ಅವನು ತಲೆ ತಗ್ಗಿಸಿದ. "ತಪ್ಪಾಯ್ತು," ಎಂದ ಮೆಲ್ಲಗೆ. "ಅದೊಂದು ನಾನು ನೋಡ್ಲಿಲ್ಲ. ನಿಮಗೆ ನೋವಾಗುವಷ್ಟು ನಾನು ನಿಮಗೆ ಬೇಕಾಗಿದೀನಿ ಅಂತ ಅಂದ್ಕೊಂಡಿರ್ಲಿಲ್ಲ."

ನಾನು ಅವನ ಅಂಗಿಯ ತಪ್ಪಿದ ಗುಂಡಿಯನ್ನೇ ನೋಡಿದೆ.

"ಜಗಳ ಆಯ್ತಾ?" ಎಂದರು ಆಡಿಟರ್ ಮೇಡಂ. "ಈಗ ಕೀಲಿ ಯಾರು ಬಿಡ್ತೀರಿ?"

"ನಾನು," "ನಾನು" ಎಂದೆವು ಇಬ್ಬರೂ.

"ಇಬ್ರೂ ಬಿಟ್ರೆ ಸಹಿ ಯಾರ ಹತ್ರ ಹಾಕಿಸ್ಲಿ? ನಾನೇ ಮೂರು ಹಾಕ್ಲಾ?"

ನಾನು ಕೊರಳಿನಿಂದ ದಾರ ತೆಗೆದೆ. ಎಷ್ಟೋ ತಿಂಗಳ ಮೇಲೆ ಕುತ್ತಿಗೆಗೆ ಗಾಳಿ ತಾಗಿತು. "ತಪ್ಪು ಮತ ಹಾಕಿದ್ದು ನಾನು ಮೇಡಂ. ಇವರು ಒಂದು ಸಲಾನೂ ನೋಡದೆ ಹಾಕಿಲ್ಲ. ಕೀಲಿ ಇವರ ಹತ್ರಾನೇ ಇರ್ಲಿ. ಆಸ್ಪತ್ರೆ ಕಡೆಯಿಂದ ನಮ್ಮ ಹೆಡ್ ಸಿಸ್ಟರಿಗೆ ಕೊಡಿ. ಬರದೇ ಇರೋ ಪೇಷೆಂಟಿಗೆ ಬಾಗಿಲಲ್ಲಿ ಕಾದೋರು ಅವರು, ಸಹಿ ಅಂದ್ರೆ ಏನು ಅಂತ ಅವರಿಗೆ ನಾನು ಹೇಳ್ಕೊಡೋದೇ ಬೇಡ. ಮಿಕ್ಕ ಕೆಲಸ ನಾನು ಮಾಡ್ತೀನಿ. ಇದನ್ನ ಕಟ್ಟಿದ್ದು ನಾನು, ನೋಡ್ಕೊಳ್ಳೋದೂ ನಾನೇ."

ಹೇಳುವಾಗ ಧ್ವನಿ ಗಟ್ಟಿಯಾಗಿತ್ತು. ಮೇಜಿನ ಮೇಲಿಟ್ಟ ಮೇಲೆ ಆ ಕಪ್ಪು ತುಂಡನ್ನು ವಾಪಸು ಎತ್ತಿಕೊಳ್ಳೋಣ ಎನಿಸಿತು, ಸುಳ್ಳು ಯಾಕೆ ಹೇಳಲಿ. ಅವನು ಏನೋ ಹೇಳಹೊರಟ. ನಾನು ಕಣ್ಣು ಬಿಟ್ಟೆ, ಸುಮ್ಮನಾದ.

ಆಡಿಟರ್ ಮೇಡಂ ಹೊಸ ಫಾರಂ ಒಂದನ್ನು ನಮ್ಮಿಬ್ಬರ ಮುಂದೆ ಸರಿಸಿದರು. "ಸಂಬಂಧ ಇದೆ ಅಂತಾಯ್ತು. ಯಾವ ಸಂಬಂಧ ಅಂತ ಗುರುತು ಹಾಕಿ."

ಗಂಡ-ಹೆಂಡತಿ. ಒಡಹುಟ್ಟಿದವರು. ತಂದೆ-ತಾಯಿ-ಮಕ್ಕಳು. ವ್ಯಾಪಾರದ ಪಾಲುದಾರರು. ಅಷ್ಟೇ ಇತ್ತು. ಪ್ರೀತಿಸುವವರಿಗೆ ನಾನು ಜಾಗವನ್ನೇ ಬಿಟ್ಟಿರಲಿಲ್ಲ. ಇದನ್ನು ಬರೆಯುವಾಗ ನನಗೆ ಅಂಥ ಯೋಚನೆಯೇ ಬಂದಿರಲಿಲ್ಲ.

ಅವನು ಫಾರಂ ಪೂರ್ತಿ ಓದಿದ, ಹಿಂದೆ ತಿರುಗಿಸಿ ನೋಡಿದ. ಆಮೇಲೆ ಪೆನ್ನು ತೆಗೆದು 'ಗಂಡ-ಹೆಂಡತಿ' ಎಂಬುದರ ಪಕ್ಕ ಸಣ್ಣ ಅಕ್ಷರದಲ್ಲಿ ಏನೋ ಬರೆದು, ಕಾಗದವನ್ನು ನನ್ನ ಕಡೆ ತಿರುಗಿಸಿದ. ಅವನ ಕಿವಿ ಕೆಂಪಾಗಿತ್ತು.

"ಸದ್ಯಕ್ಕೆ ಅಲ್ಲ. ಅವರು ಒಪ್ಪಿದರೆ ಆಗುತ್ತೇವೆ."

ಮದುವೆಯ ಮಾತನ್ನು ಆಡಿಟರ್ ಎದುರು ಫಾರಂನಲ್ಲಿ ಕೇಳುವ ಗಂಡಸು ಈ ಭೂಮಿಯ ಮೇಲೆ ಇನ್ನೊಬ್ಬ ಇರಲಿಕ್ಕಿಲ್ಲ. ಬೈಯಬೇಕೆನಿಸಿತು. ಎಷ್ಟು ದಿನದಿಂದ ಈ ಮಾತಿಗೆ ಕಾದಿದ್ದೆನೆಂದು ಹೇಳಬೇಕೆನಿಸಿತು. ಎರಡೂ ಆಗಲಿಲ್ಲ. ಅವನ ಕೈಯಿಂದ ಪೆನ್ನು ಕಿತ್ತುಕೊಂಡು, ಕೆಳಗೆ "ಒಪ್ಪಿದ್ದೇನೆ" ಎಂದು ಬರೆದು ಸಹಿ ಹಾಕಿದೆ. ಯಾವ ಸಂಸ್ಥೆಯ ಪರವಾಗಿಯೂ ಅಲ್ಲ, ಬರೀ ನನ್ನ ಪರವಾಗಿ. ಕೊನೆಯ ಅಕ್ಷರ ಗೆರೆ ದಾಟಿತು.

ಅವನು ಪೆನ್ನು ವಾಪಸು ಕೇಳುವವನಂತೆ ಕೈ ಚಾಚಿ, ಪೆನ್ನು ಬಿಟ್ಟು ನನ್ನ ಕೈ ಹಿಡಿದುಕೊಂಡ. ಆಡಿಟರ್ ಮೇಡಂ ಕನ್ನಡಕ ತೆಗೆದು ಒರೆಸುತ್ತ ಕಿಟಕಿಯ ಕಡೆ ತಿರುಗಿ ಕೂತರು, ಬಹಳ ಹೊತ್ತು ಒರೆಸಿದರು.